‘ವನ್ಸ್ ಇನ್ ಎ ಬ್ಲೂ ಮೂನ್’: ಅರ್ಥ, ಬಳಕೆ, ಆಗುವ ತಪ್ಪುಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕಲಿಯುವವರು ಬೇಗ ಬಾಯಿಪಾಠ ಮಾಡಿಕೊಳ್ಳುವ ನುಡಿಗಟ್ಟುಗಳಲ್ಲಿ ಇದೂ ಒಂದು. ಅರ್ಥ ಗೊತ್ತಿಲ್ಲದವರು ಕಡಿಮೆ. ಆದರೆ ಅರ್ಥ ಗೊತ್ತಿದ್ದವರೂ ವಾಕ್ಯದಲ್ಲಿ ಅದನ್ನು ಕೂರಿಸುವಾಗ ಎಡವುತ್ತಾರೆ. ಆ ಎಡವಟ್ಟುಗಳಲ್ಲಿ ಹೆಚ್ಚಿನವು ಕನ್ನಡದ ವಾಕ್ಯರಚನೆಯನ್ನು ಹಾಗೆಯೇ ಇಂಗ್ಲಿಷಿಗೆ ಒಯ್ಯುವುದರಿಂದ ಆಗುವಂಥವು. ಅದಕ್ಕಾಗಿ ಇಲ್ಲಿ ಅರ್ಥಕ್ಕಿಂತ ಬಳಕೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇವೆ.

ಒಂದೇ ಮಾತಿನಲ್ಲಿ ಹೇಳಿ, ಏನಿದರ ಅರ್ಥ?

ತೀರಾ ಅಪರೂಪಕ್ಕೆ.

ಇದರಲ್ಲಿ ಎರಡು ಸಂಗತಿ ಸೇರಿವೆ. ಆ ಕೆಲಸ ಬಹಳ ಕಡಿಮೆ ಸಲ ನಡೆಯುತ್ತದೆ ಎನ್ನುವುದು ಒಂದು. ಕಡಿಮೆಯಾದರೂ ಮತ್ತೆ ಮತ್ತೆ ನಡೆಯುತ್ತದೆ ಎನ್ನುವುದು ಇನ್ನೊಂದು. ಎರಡನೆಯದನ್ನು ಮರೆತರೆ ಮುಂದೆ ಹೇಳುವ ತಪ್ಪುಗಳೆಲ್ಲ ಒಂದೊಂದಾಗಿ ಹಿಂಬಾಲಿಸುತ್ತವೆ.

ಕನ್ನಡದಲ್ಲಿ ಇದಕ್ಕೆ ಸರಿಹೊಂದುವ ಮಾತು ಯಾವುದು?

‘ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ.’ ಇದಕ್ಕಿಂತ ಹತ್ತಿರದ ಮಾತು ಹುಡುಕಬೇಕಾಗಿಲ್ಲ. ಲೆಕ್ಕ ಹಾಕಿದರೆ ಅಮಾವಾಸ್ಯೆ, ಹುಣ್ಣಿಮೆ ಎರಡೂ ತಿಂಗಳಿಗೊಂದು ಬರುತ್ತವೆ. ಆದರೂ ‘ಅವನು ಊರಿಗೆ ಬರೋದು ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ’ ಎಂದಾಗ ಯಾರೂ ತಿಂಗಳಿಗೆ ಎರಡು ಸಲ ಎಂದು ತಿಳಿದುಕೊಳ್ಳುವುದಿಲ್ಲ. ಇಂಗ್ಲಿಷಿನ ಮಾತೂ ಅಷ್ಟೇ, ಅದರೊಳಗೆ ಲೆಕ್ಕವಿಲ್ಲ. ಎರಡರಲ್ಲೂ ಒಂದಿಷ್ಟು ಆಕ್ಷೇಪಣೆಯ ದನಿ ಇರುವುದೂ ಒಂದೇ ಥರ.

ಆಕ್ಷೇಪಣೆ ಬೇಡ ಎಂದಿದ್ದರೆ ‘ಅಪರೂಪಕ್ಕೊಮ್ಮೆ’, ‘ಎಂದಾದರೊಮ್ಮೆ’, ‘ಯಾವಾಗಲಾದ್ರೂ ಒಂದ್ಸಲ’ ಸಾಕು. ‘ನೀಲಿ ಚಂದಿರನಿಗೊಮ್ಮೆ’ ಎಂದು ಅನುವಾದಿಸಬೇಡಿ. ಕನ್ನಡ ಓದುಗರಿಗೆ ಅದರಿಂದ ಏನೂ ತಲುಪುವುದಿಲ್ಲ.

ಇನ್ನೊಂದು ಎಚ್ಚರಿಕೆ. ‘ಗಗನಕುಸುಮ’, ‘ಮೊಲದ ಕೊಂಬು’ ಇವು ಇದಕ್ಕೆ ಸಮನಲ್ಲ. ಅವು ಇಲ್ಲದ್ದನ್ನು, ಕೈಗೆಟುಕದ್ದನ್ನು ಹೇಳುತ್ತವೆ. ಬ್ಲೂ ಮೂನ್ ಇದೆ, ಬರುತ್ತದೆ, ತಡವಾಗಿ ಬರುತ್ತದೆ.

ಎಷ್ಟು ಅಪರೂಪವಾದರೆ ಹೀಗೆ ಹೇಳಬಹುದು? ವರ್ಷಕ್ಕೊಮ್ಮೆಯೇ, ಮೂರು ವರ್ಷಕ್ಕೊಮ್ಮೆಯೇ?

ಇಷ್ಟೇ ಎಂಬ ಲೆಕ್ಕವಿಲ್ಲ. ಕೇಳುವವರು ಎಷ್ಟು ಸಲ ನಿರೀಕ್ಷಿಸುತ್ತಾರೋ ಅದಕ್ಕಿಂತ ತೀರಾ ಕಡಿಮೆ ಆದಾಗ ಈ ಮಾತು ಒಪ್ಪುತ್ತದೆ. ವಾರಕ್ಕೊಮ್ಮೆ ಅಮ್ಮನಿಗೆ ಫೋನ್ ಮಾಡಬೇಕಾದ ಮಗ ಎರಡು ತಿಂಗಳಿಗೊಮ್ಮೆ ಮಾಡಿದರೆ ‘ಹಿ ಕಾಲ್ಸ್ ವನ್ಸ್ ಇನ್ ಎ ಬ್ಲೂ ಮೂನ್’ ಎನ್ನಬಹುದು. ಹತ್ತು ವರ್ಷಕ್ಕೊಮ್ಮೆ ಪಾಸ್‌ಪೋರ್ಟ್ ನವೀಕರಿಸುವುದನ್ನು ಹಾಗೆ ಹೇಳಲಾಗದು. ಎರಡು ತಿಂಗಳಿಗಿಂತ ಹತ್ತು ವರ್ಷ ಎಷ್ಟೋ ದೊಡ್ಡದು, ನಿಜ. ಆದರೆ ಪಾಸ್‌ಪೋರ್ಟಿಗೆ ಅದೇ ನಿಯಮ. ಅದಕ್ಕಿಂತ ಹೆಚ್ಚು ಸಲ ಯಾರೂ ನಿರೀಕ್ಷಿಸಿರುವುದಿಲ್ಲ.

ಗೊತ್ತಾದ ಅವಧಿಗೆ ತಪ್ಪದೆ ಬರುವ ಯಾವುದಕ್ಕೂ ಈ ಮಾತು ಹೊಂದುವುದಿಲ್ಲ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ ನಡೆಯುತ್ತದೆ. 2006ರಲ್ಲಿ ಆಯಿತು, 2018ರಲ್ಲಿ ಆಯಿತು. ಅದನ್ನು ಇಂಗ್ಲಿಷಿನಲ್ಲಿ ‘ವನ್ಸ್ ಇನ್ ಟ್ವೆಲ್ವ್ ಇಯರ್ಸ್’ ಎಂದೇ ಬರೆಯಬೇಕು. ‘ಬ್ಲೂ ಮೂನ್’ ಎಂದರೆ ಯಾವಾಗ ನಡೆಯುತ್ತದೋ ಹೇಳಲಾಗದು ಎಂಬ ಅರ್ಥ ಬಂದು, ಶತಮಾನಗಳಿಂದ ನಡೆದು ಬಂದ ಆಚರಣೆಯನ್ನು ಹಗುರ ಮಾಡಿದಂತೆ ಕೇಳಿಸುತ್ತದೆ.

ವಾಕ್ಯದಲ್ಲಿ ಇದರ ಜಾಗ ಎಲ್ಲಿ?

ಸುರಕ್ಷಿತವಾದ ಜಾಗ ವಾಕ್ಯದ ಕೊನೆ. ಯಾರು, ಏನು ಮಾಡುತ್ತಾರೆ, ಎಲ್ಲಿ, ಆಮೇಲೆ ಇದು.

‘ಮೈ ಅಂಕಲ್ ಕಮ್ಸ್ ಟು ಮೈಸೂರು ವನ್ಸ್ ಇನ್ ಎ ಬ್ಲೂ ಮೂನ್.’

ನಮ್ಮವರು ಹೆಚ್ಚಾಗಿ ಬರೆಯುವುದು ಹೀಗೆ: ‘ಮೈ ಅಂಕಲ್ ವನ್ಸ್ ಇನ್ ಎ ಬ್ಲೂ ಮೂನ್ ಕಮ್ಸ್ ಟು ಮೈಸೂರು.’ ಕನ್ನಡದಲ್ಲಿ ‘ಚಿಕ್ಕಪ್ಪ ಅಪರೂಪಕ್ಕೆ ಮೈಸೂರಿಗೆ ಬರ್ತಾರೆ’ ಎನ್ನುವಾಗ ಕಾಲ ಹೇಳುವ ಮಾತು ಕ್ರಿಯಾಪದಕ್ಕಿಂತ ಮೊದಲು ಬರುತ್ತದಲ್ಲ, ಅದರ ಪ್ರಭಾವ ಇದು. ಅರ್ಥವಾಗುತ್ತದೆ, ಆದರೆ ಓದುವಾಗ ತೊಡರುತ್ತದೆ. ‘ರೇರ್ಲಿ’, ‘ಸೆಲ್ಡಮ್’ ಥರದ ಒಂಟಿ ಪದಗಳು ಕ್ರಿಯಾಪದದ ಮುಂದೆ ಸಲೀಸಾಗಿ ಕೂರುತ್ತವೆ. ಐದು ಪದಗಳ ಈ ಗುಂಪು ಅಲ್ಲಿ ಕೂರುವುದಿಲ್ಲ.

ಒತ್ತು ಕೊಡಬೇಕಾದರೆ ವಾಕ್ಯದ ಆರಂಭಕ್ಕೆ ತನ್ನಿ, ಆಮೇಲೆ ಅಲ್ಪವಿರಾಮ ಹಾಕಿ: ‘ವನ್ಸ್ ಇನ್ ಎ ಬ್ಲೂ ಮೂನ್, ವಿ ಈಟ್ ಔಟ್.’ ಮುಂದೆ ‘ಓನ್ಲಿ’ ಸೇರಿಸಿದರೆ ಮಾತ್ರ ವಾಕ್ಯದ ಅನುಕ್ರಮ ಬದಲಾಗುತ್ತದೆ, ಸಹಾಯಕ ಕ್ರಿಯಾಪದ ಕರ್ತೃವಿನ ಮುಂದೆ ಹೋಗುತ್ತದೆ: ‘ಓನ್ಲಿ ವನ್ಸ್ ಇನ್ ಎ ಬ್ಲೂ ಮೂನ್ ಡು ವಿ ಈಟ್ ಔಟ್.’ ಈ ರಚನೆ ಬರವಣಿಗೆಗೆ ಚೆಂದ, ಮಾತಿನಲ್ಲಿ ಸ್ವಲ್ಪ ಬಿಗಿ. ಕಷ್ಟವೆನಿಸಿದರೆ ‘ವಿ ಈಟ್ ಔಟ್ ಓನ್ಲಿ ವನ್ಸ್ ಇನ್ ಎ ಬ್ಲೂ ಮೂನ್’ ಎಂದರೆ ಅದೇ ಅರ್ಥ, ತಪ್ಪಾಗುವ ಭಯವಿಲ್ಲ.

ಪ್ರಶ್ನೆಗೆ ಉತ್ತರವಾಗಿ ಒಂಟಿಯಾಗಿಯೂ ನಿಲ್ಲುತ್ತದೆ. ‘ಡು ಯು ಎವರ್ ವಾಚ್ ಟಿವಿ?’ ‘ವನ್ಸ್ ಇನ್ ಎ ಬ್ಲೂ ಮೂನ್.’ ಮಾತುಕತೆಯಲ್ಲಿ ಇದರ ಅತ್ಯಂತ ಸಹಜ ಬಳಕೆ ಇದೇ. ಹೊಸದಾಗಿ ಬಳಸುವವರು ಇಲ್ಲಿಂದ ಶುರುಮಾಡುವುದು ಒಳ್ಳೆಯದು.

‘ವನ್ಸ್ ಇನ್ ಬ್ಲೂ ಮೂನ್’ ಅಂದರೆ ತಪ್ಪೇ?

ತಪ್ಪು. ನಡುವಿನ ‘ಎ’ ಬೇಕೇ ಬೇಕು. ಕನ್ನಡದಲ್ಲಿ ಆರ್ಟಿಕಲ್ ಎಂಬುದೇ ಇಲ್ಲದ್ದರಿಂದ ಅದು ಕೈತಪ್ಪಿ ಬಿದ್ದುಹೋಗುತ್ತದೆ. ನಮ್ಮಲ್ಲಿ ಈ ನುಡಿಗಟ್ಟಿಗೆ ಸಂಬಂಧಿಸಿದಂತೆ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಇದೇ. ‘ದ ಬ್ಲೂ ಮೂನ್’, ‘ಎವ್ರಿ ಬ್ಲೂ ಮೂನ್’, ‘ಬ್ಲೂ ಮೂನ್ಸ್’ ಇವೂ ಸಲ್ಲವು. ‘ಟ್ವೈಸ್ ಇನ್ ಎ ಬ್ಲೂ ಮೂನ್’ ಎಂದರೆ ಕೇಳಿದವರು ತಮಾಷೆ ಎಂದುಕೊಳ್ಳುತ್ತಾರೆ. ‘ವೆರಿ’ ಸೇರಿಸಿ ಇನ್ನಷ್ಟು ಅಪರೂಪ ಮಾಡಲೂ ಬರುವುದಿಲ್ಲ. ನುಡಿಗಟ್ಟು ಅಚ್ಚು ಹಾಕಿದ ಹಾಗಿದೆ. ‘ಓನ್ಲಿ’ ಅಥವಾ ‘ಮೇಬಿ’ಯನ್ನು ಮುಂದೆ ಸೇರಿಸಿಕೊಳ್ಳಬಹುದು, ಒಳಗೆ ಕೈಹಾಕುವಂತಿಲ್ಲ.

‘ನಿನ್ನೆ ಅವನು ಅಪರೂಪಕ್ಕೆ ಬಂದಿದ್ದ’ ಅನ್ನೋದನ್ನು ಇದರಿಂದ ಹೇಳಬಹುದೇ?

ಹೇಳಲಾಗದು, ಮತ್ತು ಇದನ್ನು ನಿಧಾನವಾಗಿ ಅರ್ಥ ಮಾಡಿಕೊಳ್ಳಬೇಕು. ಕನ್ನಡದ ‘ಅಪರೂಪಕ್ಕೆ’ ಎರಡು ಕೆಲಸ ಮಾಡುತ್ತದೆ. ‘ಅವನು ಅಪರೂಪಕ್ಕೆ ಬರ್ತಾನೆ’ ಎನ್ನುವಾಗ ರೂಢಿ ಹೇಳುತ್ತದೆ. ‘ನಿನ್ನೆ ಅಪರೂಪಕ್ಕೆ ಬಂದಿದ್ದ’ ಎನ್ನುವಾಗ ಒಂದು ನಿರ್ದಿಷ್ಟ ಘಟನೆಯನ್ನು, ಅದು ದಿನವೂ ಆಗುವಂಥದ್ದಲ್ಲ ಎಂಬ ಸಂತೋಷವನ್ನು ಹೇಳುತ್ತದೆ. ಇಂಗ್ಲಿಷಿನ ನುಡಿಗಟ್ಟಿಗೆ ಮೊದಲನೆಯ ಕೆಲಸ ಮಾತ್ರ ಗೊತ್ತು.

ಹಾಗಾಗಿ ‘ಯೆಸ್ಟರ್‌ಡೇ ಹಿ ಕೇಮ್ ವನ್ಸ್ ಇನ್ ಎ ಬ್ಲೂ ಮೂನ್’ ಎಂದರೆ ವಾಕ್ಯವೇ ಮುರಿದುಬೀಳುತ್ತದೆ. ‘ನಿನ್ನೆ’ ಒಂದು ದಿನವನ್ನು ತೋರಿಸುತ್ತದೆ, ನುಡಿಗಟ್ಟು ವರ್ಷಗಳ ರೂಢಿಯನ್ನು ಹೇಳುತ್ತದೆ. ಎರಡೂ ಒಂದೇ ವಾಕ್ಯದಲ್ಲಿ ಇರಲಾರವು. ಅಲ್ಲಿ ಬೇಕಾದದ್ದು ‘ಫಾರ್ ವನ್ಸ್’: ‘ಫಾರ್ ವನ್ಸ್, ಹಿ ಕೇಮ್ ಯೆಸ್ಟರ್‌ಡೇ.’ ಅಥವಾ ಎರಡು ವಾಕ್ಯ ಮಾಡಿ: ‘ಹಿ ಕೇಮ್ ಯೆಸ್ಟರ್‌ಡೇ. ಹಿ ವಿಸಿಟ್ಸ್ ಓನ್ಲಿ ವನ್ಸ್ ಇನ್ ಎ ಬ್ಲೂ ಮೂನ್.’

ಬರೆಯುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ನುಡಿಗಟ್ಟಿನ ಜಾಗದಲ್ಲಿ ‘ವನ್ಸ್ ಎ ಇಯರ್’ ಎಂದು ಹಾಕಿ ಓದಿ. ವಾಕ್ಯ ನಿಂತರೆ ಬ್ಲೂ ಮೂನ್ ಕೂಡ ನಿಲ್ಲುತ್ತದೆ. ‘ನಿನ್ನೆ ಅವನು ವರ್ಷಕ್ಕೊಮ್ಮೆ ಬಂದ’ ಎಂಬುದು ಹೇಗೆ ಅಸಂಬದ್ಧವೋ ಅದೂ ಹಾಗೆಯೇ.

ಯಾವ ಕಾಲರೂಪ ಬಳಸಬೇಕು?

ರೂಢಿಯ ಮಾತಾದ್ದರಿಂದ ಸಾಮಾನ್ಯ ವರ್ತಮಾನ: ‘ಕಮ್ಸ್’, ‘ಕಾಲ್ಸ್’, ‘ಹ್ಯಾಪನ್ಸ್’. ‘ಹಿ ಈಸ್ ಕಾಲಿಂಗ್ ಮಿ ವನ್ಸ್ ಇನ್ ಎ ಬ್ಲೂ ಮೂನ್’ ಬೇಡ. ‘ಮಾಡ್ತಾ ಇರ್ತಾನೆ’ ಎಂಬ ನಮ್ಮ ಕ್ರಿಯಾರೂಪ ತಂದಿಡುವ ‘ಇಂಗ್’ ಅದು. ಹಿಂದಿನ ರೂಢಿಗೆ ‘ವುಡ್’ ಚೆನ್ನಾಗಿ ಒಗ್ಗುತ್ತದೆ: ‘ವನ್ಸ್ ಇನ್ ಎ ಬ್ಲೂ ಮೂನ್, ಮೈ ಗ್ರಾಂಡ್‌ಫಾದರ್ ವುಡ್ ಟೇಕ್ ಅಸ್ ಟು ದ ಸಿನಿಮಾ.’

ನಿಷೇಧಾರ್ಥದ ಜೊತೆ ಬಳಸಬಹುದೇ?

‘ಹಿ ಡಸಂಟ್ ಕಮ್ ವನ್ಸ್ ಇನ್ ಎ ಬ್ಲೂ ಮೂನ್’ ತಪ್ಪು. ಅಪರೂಪ ಎಂಬುದರಲ್ಲೇ ಅರ್ಧ ‘ಇಲ್ಲ’ ಸೇರಿಕೊಂಡಿದೆ, ಅದರ ಮೇಲೆ ಇನ್ನೊಂದು ‘ಇಲ್ಲ’ ಹೇರಿದರೆ ಅರ್ಥ ಗೋಜಲಾಗುತ್ತದೆ. ‘ಅವನು ಬರೋದೇ ಇಲ್ಲ’ ಎನ್ನಬೇಕಿದ್ದರೆ ‘ಹಿ ನೆವರ್ ಕಮ್ಸ್’ ಎನ್ನಿ.

ಇದಕ್ಕೆ ಪಕ್ಕದಲ್ಲೇ ಇರುವ ಒಂದು ರೂಪ ಮಾತ್ರ ಸರಿ: ‘ಐ ಹ್ಯಾವಂಟ್ ಸೀನ್ ಯು ಇನ್ ಎ ಬ್ಲೂ ಮೂನ್.’ ಇಲ್ಲಿ ‘ವನ್ಸ್’ ಇಲ್ಲ ಎಂಬುದನ್ನು ಗಮನಿಸಿ. ಅರ್ಥ ‘ನಿನ್ನ ನೋಡಿ ಎಷ್ಟೋ ಕಾಲವಾಯಿತು’ ಎಂದು. ಆಪ್ತರ ನಡುವಿನ ಮಾತಿದು, ಬರವಣಿಗೆಯಲ್ಲಿ ಕಡಿಮೆ.

‘ವನ್ಸ್ ಇನ್ ಎ ವೈಲ್’ ಅಂದರೂ ಇದೇ ಅಲ್ಲವೇ?

ಅಲ್ಲ. ‘ವನ್ಸ್ ಇನ್ ಎ ವೈಲ್’ ಎಂದರೆ ಆಗಾಗ, ಅವಾಗಿವಾಗ. ತಿಂಗಳಿಗೊಮ್ಮೆ ಹೋಟೆಲ್ ಊಟ ಮಾಡುವವರು ‘ವೈಲ್’ ಬಳಸಬಹುದು. ವರ್ಷದಲ್ಲಿ ಒಂದು ಸಲ ಹೋದರೂ ಹೋದರು ಎನ್ನುವವರಿಗೆ ‘ಬ್ಲೂ ಮೂನ್’. ‘ರೇರ್ಲಿ’ಯ ಅರ್ಥ ಬ್ಲೂ ಮೂನ್‌ಗೆ ತೀರಾ ಹತ್ತಿರ, ಆದರೆ ಅದರಲ್ಲಿ ಬಣ್ಣವಿಲ್ಲ, ಔಪಚಾರಿಕ ಬರವಣಿಗೆಗೆ ಅದೇ ಸೂಕ್ತ.

ಗೊಂದಲ ಮಾಡಿಕೊಳ್ಳುವ ಬೇರೆ ನುಡಿಗಟ್ಟುಗಳು ಯಾವುವು?

‘ಔಟ್ ಆಫ್ ದ ಬ್ಲೂ’ ಎಂದರೆ ಇದ್ದಕ್ಕಿದ್ದ ಹಾಗೆ. ಅಲ್ಲಿನ ನೀಲಿ ಆಕಾಶದ್ದು. ಹತ್ತು ವರ್ಷ ಸುದ್ದಿಯಿಲ್ಲದ ಗೆಳೆಯನ ಫೋನ್ ಬಂದರೆ ಅದು ‘ಔಟ್ ಆಫ್ ದ ಬ್ಲೂ’. ಅಪರೂಪವೂ ಹೌದಾದ್ದರಿಂದ ಜನ ಎರಡನ್ನೂ ಕಲಸಿಬಿಡುತ್ತಾರೆ. ‘ಓವರ್ ದ ಮೂನ್’ ಎಂದರೆ ಹಿಗ್ಗಿ ಹೀರೇಕಾಯಿ ಆಗುವುದು. ‘ಮೆನಿ ಮೂನ್ಸ್ ಎಗೋ’ ಎಂದರೆ ಬಹಳ ಹಿಂದೆ. ‘ವನ್ಸ್ ಇನ್ ಎ ಲೈಫ್‌ಟೈಮ್’ ಎಂದರೆ ಜನ್ಮದಲ್ಲಿ ಒಂದೇ ಸಲ, ಸಾಮಾನ್ಯವಾಗಿ ಹೆಮ್ಮೆಯ, ಭಾಗ್ಯದ ಸಂದರ್ಭಕ್ಕೆ. ‘ವೆನ್ ಪಿಗ್ಸ್ ಫ್ಲೈ’ ಎಂದರೆ ಎಂದೆಂದಿಗೂ ಇಲ್ಲ.

ಬ್ಲೂ ಎಂದರೆ ದುಃಖ ಎಂಬ ಅರ್ಥವೂ ಇಂಗ್ಲಿಷಿನಲ್ಲಿದೆ, ‘ಫೀಲಿಂಗ್ ಬ್ಲೂ’ ಎನ್ನುತ್ತಾರೆ. ಈ ನುಡಿಗಟ್ಟಿಗೂ ದುಃಖಕ್ಕೂ ಸಂಬಂಧವಿಲ್ಲ.

ಉಚ್ಚಾರಣೆ ಹೇಗೆ?

ಮೊದಲ ಪದ ‘ಒನ್ಸ್’ ಅಲ್ಲ, ‘ವನ್ಸ್’. ನಡುವಿನ ‘ಇನ್ ಎ’ ಬರೆಯುವಾಗ ಎರಡು ಪದ, ಆಡುವಾಗ ಒಂದೇ ಉಸಿರಿನ ‘ಇನ’. ‘ಎ’ಯನ್ನು ‘ಏ’ ಎಂದು ಎಳೆಯಬೇಡಿ. ‘ಬ್ಲೂ’, ‘ಮೂನ್’ ಎರಡಕ್ಕೂ ದೀರ್ಘ ಸ್ವರ, ಎರಡಕ್ಕೂ ಒತ್ತು. ಕೇಳಿಸಬೇಕಾದದ್ದು: ‘ವನ್ಸಿನ ಬ್ಲೂ ಮೂನ್.’

ವಿಶೇಷಣವಾಗಿ ಬಳಸಬಹುದೇ?

ಬಹುದು. ನಾಮಪದದ ಮುಂದೆ ಬಂದಾಗ ಐದೂ ಪದಗಳ ನಡುವೆ ಅಡ್ಡಗೆರೆ ಹಾಕಿ ಒಂದಾಗಿ ಹೆಣೆಯಬೇಕು: ‘ಎ ವನ್ಸ್-ಇನ್-ಎ-ಬ್ಲೂ-ಮೂನ್ ಈವೆಂಟ್.’ ವಾಕ್ಯದ ಕೊನೆಯಲ್ಲಿ ಬಂದಾಗ ಅಡ್ಡಗೆರೆ ಬೇಡ.

ಆಫೀಸಿನ ಇಮೇಲಿನಲ್ಲಿ ಬರೆಯಬಹುದೇ?

ಸಹೋದ್ಯೋಗಿಯ ಜೊತೆ ಹರಟುವಾಗ ಧಾರಾಳವಾಗಿ ಬಳಸಿ. ದೂರು, ವರದಿ, ಲೆಕ್ಕ ಇರುವಲ್ಲಿ ಬೇಡ. ಒಂದು ಉದಾಹರಣೆ ಬಿಡಿಸಿ ನೋಡೋಣ. ಅಪಾರ್ಟ್‌ಮೆಂಟಿನ ಲಿಫ್ಟ್ ನಡುವೆ ನಿಂತುಹೋಗುತ್ತಿದೆ. ನಿರ್ವಹಣೆಯವರಿಗೆ ಹೀಗೊಂದು ಇಮೇಲ್ ಹೋಗುತ್ತದೆ: ‘ದ ಲಿಫ್ಟ್ ಗೆಟ್ಸ್ ಸ್ಟಕ್ ವನ್ಸ್ ಇನ್ ಎ ಬ್ಲೂ ಮೂನ್. ಪ್ಲೀಸ್ ಚೆಕ್.’ ಬರೆದವರ ಮನಸ್ಸಿನಲ್ಲಿ ‘ಅಪರೂಪಕ್ಕೆ ಆದರೂ ಭಯವಾಗುತ್ತೆ, ಬೇಗ ಬನ್ನಿ’ ಎಂದಿದೆ. ಓದಿದವರಿಗೆ ಕಾಣುವುದು ‘ತೀರಾ ಅಪರೂಪ, ಅವಸರವಿಲ್ಲ’ ಎಂದು. ದೂರು ಪಟ್ಟಿಯ ಕೆಳಗೆ ಸರಿಯುತ್ತದೆ. ಮೇಲಾಗಿ ತಂತ್ರಜ್ಞನಿಗೆ ಹುಡುಕಲು ಏನೂ ಸಿಗುವುದಿಲ್ಲ: ಯಾವ ಮಹಡಿ, ಯಾವ ದಿನ, ಆಗ ಕರೆಂಟ್ ಹೋಗಿತ್ತೇ?

ಅದೇ ದೂರು ಹೀಗಿರಲಿ: ‘ದ ಲಿಫ್ಟ್ ಹ್ಯಾಸ್ ಸ್ಟಾಪ್ಡ್ ತ್ರೀ ಟೈಮ್ಸ್ ಸಿನ್ಸ್ ಜನವರಿ, ಈಚ್ ಟೈಮ್ ಬಿಟ್ವೀನ್ ದ ಸೆಕೆಂಡ್ ಅಂಡ್ ಥರ್ಡ್ ಫ್ಲೋರ್ಸ್.’ ಎಷ್ಟು ಸಲ, ಯಾವಾಗಿನಿಂದ, ಎಲ್ಲಿ. ಇಷ್ಟು ಬರೆದರೆ ಯಾರೂ ಅದನ್ನು ಪಕ್ಕಕ್ಕಿಡಲಾರರು.

ವೈದ್ಯರ ಮುಂದೆಯೂ ಇದೇ ಮಾತು. ‘ಎದೆನೋವು ವನ್ಸ್ ಇನ್ ಎ ಬ್ಲೂ ಮೂನ್ ಬರುತ್ತೆ’, ‘ಸಿಗರೇಟು ಬ್ಲೂ ಮೂನ್‌ಗೊಮ್ಮೆ’ ಎಂದರೆ ಅವರಿಗೆ ಬೇಕಾದ ಮಾಹಿತಿ ಸಿಗುವುದಿಲ್ಲ. ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಎಂದು ಸಂಖ್ಯೆ ಹೇಳಿ. ಕರಾರುಪತ್ರ, ಅಫಿಡವಿಟ್, ಪ್ರೌಢಪ್ರಬಂಧಗಳಲ್ಲಿ ಈ ನುಡಿಗಟ್ಟು ಕಾಲಿಡಲೇಬಾರದು. ಐಇಎಲ್‌ಟಿಎಸ್‌ನ ಮಾತಿನ ಪರೀಕ್ಷೆಯಲ್ಲಿ ಸಹಜವಾಗಿ ಬಂದರೆ ಒಳ್ಳೆಯದೇ. ಅದೇ ಪರೀಕ್ಷೆಯ ಪ್ರಬಂಧದಲ್ಲಿ ‘ರೇರ್ಲಿ’ ಎಂದೇ ಬರೆಯಿರಿ.

ಯಾರಿಗಾದರೂ ಬೇಸರವಾಗುತ್ತದೆಯೇ?

ಕರ್ತೃ ಯಾರು ಎಂಬುದರ ಮೇಲೆ ಹೋಗುತ್ತದೆ. ‘ಐ’ ಎಂದು ನಿಮ್ಮ ಬಗ್ಗೆಯೇ ಹೇಳಿಕೊಂಡರೆ ವಿನಯ. ‘ಇಟ್’ ಎಂದರೆ ಬರೀ ಮಾಹಿತಿ. ‘ಯು’ ಎಂದ ಕೂಡಲೇ ದೂರು. ‘ಯು ವಿಸಿಟ್ ಅಸ್ ವನ್ಸ್ ಇನ್ ಎ ಬ್ಲೂ ಮೂನ್’ ಎಂಬುದನ್ನು ತಂಗಿಗೆ ಹೇಳಬಹುದು, ಗೆಳೆಯನಿಗೆ ಹೇಳಬಹುದು. ಬೀಗರಿಗೆ, ಮೇಲಧಿಕಾರಿಗೆ, ಹಿರಿಯರಿಗೆ ಹೇಳಿದರೆ ಚುಚ್ಚುತ್ತದೆ.

ನಮ್ಮಲ್ಲಿ ಮನೆಗೆ ಬಂದವರನ್ನು ‘ಏನ್ರೀ, ಬಹಳ ಅಪರೂಪ ಆಗ್ಬಿಟ್ರಿ!’ ಎಂದು ಬರಮಾಡಿಕೊಳ್ಳುವ ವಾಡಿಕೆ ಇದೆ. ಅದು ಪ್ರೀತಿಯ ಆಕ್ಷೇಪಣೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಲು ಹೋಗಿ ‘ಯು ಹ್ಯಾವ್ ಬಿಕಮ್ ವನ್ಸ್ ಇನ್ ಎ ಬ್ಲೂ ಮೂನ್’ ಎನ್ನುವವರಿದ್ದಾರೆ. ಮನುಷ್ಯರು ಬ್ಲೂ ಮೂನ್ ಆಗಲಾರರು. ಆ ಪ್ರೀತಿ ದಾಟಬೇಕಿದ್ದರೆ ‘ಇಟ್ಸ್ ಬೀನ್ ಸೋ ಲಾಂಗ್! ವಿ ಹಾರ್ಡ್ಲಿ ಸೀ ಯು ದೀಸ್ ಡೇಸ್’ ಎನ್ನಿ.

ನಿಜವಾಗಲೂ ಚಂದ್ರ ನೀಲಿಯಾಗುತ್ತಾನೆಯೇ?

ಆಗಿದ್ದುಂಟು. ಇಂಡೋನೇಷ್ಯಾದ ಕ್ರಾಕಟೋವಾ ಜ್ವಾಲಾಮುಖಿ 1883ರ ಆಗಸ್ಟ್ ಕೊನೆಯಲ್ಲಿ ಸಿಡಿದ ಮೇಲೆ ಜಗತ್ತಿನ ಹಲವು ಕಡೆ ಚಂದ್ರ ನೀಲಿಯಾಗಿ, ಹಸಿರಾಗಿ ಕಂಡ. ಅದರ ಮರುತಿಂಗಳು ಮದ್ರಾಸಿನ ಕಡೆ ಸೂರ್ಯನೇ ಹಸಿರಾಗಿ ಕಂಡದ್ದು ದಾಖಲಾಗಿದೆ. 1950ರ ಸೆಪ್ಟೆಂಬರಿನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಅಟ್ಲಾಂಟಿಕ್ ದಾಟಿ ಬಂದಾಗ ಸ್ಕಾಟ್ಲೆಂಡಿನಲ್ಲಿ ನೀಲಿ ಸೂರ್ಯ, ನೀಲಿ ಚಂದ್ರ ಎರಡೂ ಕಂಡವು.

ಇದಕ್ಕೆ ಕಾರಣ ಕಣಗಳ ಗಾತ್ರ. ಕೆಂಪು ಬೆಳಕಿನ ತರಂಗಾಂತರ ಸುಮಾರು 0.7 ಮೈಕ್ರಾನ್. ಗಾಳಿಯಲ್ಲಿ ತೇಲುವ ಕಣಗಳು ಅದಕ್ಕಿಂತ ತುಸು ದೊಡ್ಡವಾಗಿ, ಸುಮಾರು 1 ಮೈಕ್ರಾನ್ ಇದ್ದು, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿದ್ದರೆ, ಕೆಂಪು ಬೆಳಕು ಚದುರಿಹೋಗಿ ನೀಲಿ ನಮ್ಮ ಕಣ್ಣಿಗೆ ಉಳಿಯುತ್ತದೆ. ಮಾಮೂಲಿ ಹೊಗೆ, ಧೂಳಿನಲ್ಲಿ ಸಣ್ಣ ದೊಡ್ಡ ಕಣಗಳೆಲ್ಲ ಬೆರೆತಿರುತ್ತವೆ. ಅದಕ್ಕೇ ಧೂಳು ತುಂಬಿದ ಆಕಾಶದಲ್ಲಿ ಚಂದ್ರ ಸಾಮಾನ್ಯವಾಗಿ ಕೆಂಪಗೆ ಕಾಣುವುದು. ಒಂದೇ ಅಳತೆಯ ಕಣಗಳು ಕೂಡಿಬರುವುದು ಬಲು ಅಪರೂಪ.

ಪತ್ರಿಕೆಗಳು ಹೇಳುವ ‘ಬ್ಲೂ ಮೂನ್’ ಹಾಗಾದರೆ ಯಾವುದು?

ಅದು ಹುಣ್ಣಿಮೆಯ ಲೆಕ್ಕ, ಬಣ್ಣಕ್ಕೆ ಸಂಬಂಧವಿಲ್ಲ. ಆ ರಾತ್ರಿ ಮಹಡಿ ಹತ್ತಿ ನೋಡಿದರೂ ಎಂದಿನ ಹುಣ್ಣಿಮೆ ಚಂದ್ರನೇ ಕಾಣುತ್ತಾನೆ. ಜೊತೆಗೆ ಹರಿದಾಡುವ ಕಡುನೀಲಿ ಚಿತ್ರಗಳು ಫಿಲ್ಟರಿನ ಕೆಲಸ.

ಎರಡು ವ್ಯಾಖ್ಯಾನ ಚಾಲ್ತಿಯಲ್ಲಿವೆ. ಹಳೆಯದು ಅಮೆರಿಕದ ಮೇನ್ ರಾಜ್ಯದ ರೈತ ಪಂಚಾಂಗದ್ದು. ಒಂದು ಋತುವಿನಲ್ಲಿ, ಅಂದರೆ ಮೂರು ತಿಂಗಳಲ್ಲಿ, ಮೂರರ ಬದಲು ನಾಲ್ಕು ಹುಣ್ಣಿಮೆ ಬಂದರೆ ಮೂರನೆಯದು ಬ್ಲೂ ಮೂನ್. ನಾಲ್ಕನೆಯದು ಯಾಕಲ್ಲ ಎಂದರೆ, ಅಲ್ಲಿ ಪ್ರತಿ ಹುಣ್ಣಿಮೆಗೂ ಒಂದೊಂದು ಹೆಸರಿದೆ, ಋತುವಿನ ಕೊನೆಯ ಹುಣ್ಣಿಮೆ ಅದರ ಹೆಸರನ್ನು ಉಳಿಸಿಕೊಳ್ಳಬೇಕು.

ಹೊಸದು ಒಂದು ತಪ್ಪಿನಿಂದ ಹುಟ್ಟಿತು. 1946ರ ಮಾರ್ಚಿನಲ್ಲಿ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ಜೇಮ್ಸ್ ಹ್ಯೂ ಪ್ರುಯೆಟ್ ಎಂಬ ಖಗೋಳಾಸಕ್ತರು ಈ ಪಂಚಾಂಗದ ನಿಯಮವನ್ನು ಬೇರೆ ರೀತಿ ಅರ್ಥ ಮಾಡಿಕೊಂಡು, ಒಂದೇ ಇಂಗ್ಲಿಷ್ ತಿಂಗಳಲ್ಲಿ ಬರುವ ಎರಡನೆಯ ಹುಣ್ಣಿಮೆಯೇ ಬ್ಲೂ ಮೂನ್ ಎಂದು ಬರೆದರು. 1980ರಲ್ಲಿ ‘ಸ್ಟಾರ್‌ಡೇಟ್’ ರೇಡಿಯೊ ಕಾರ್ಯಕ್ರಮ ಅದನ್ನೇ ಹೇಳಿತು, ಜನರಿಗೆ ಹಿಡಿಸಿತು. 1999ರಲ್ಲಿ ಅದೇ ಪತ್ರಿಕೆ ತಪ್ಪನ್ನು ಬಿಡಿಸಿ ಪ್ರಕಟಿಸುವ ಹೊತ್ತಿಗೆ ಹೊಸ ವ್ಯಾಖ್ಯಾನ ಬೇರೂರಿಯಾಗಿತ್ತು. ಈಗ ಎರಡನ್ನೂ ಒಪ್ಪುತ್ತಾರೆ.

2024ರ ಆಗಸ್ಟ್ 19ರ ನೂಲು ಹುಣ್ಣಿಮೆಯನ್ನು ಬ್ಲೂ ಮೂನ್ ಎಂದು ಕರೆದಾಗ ‘ಆಗಸ್ಟಿನಲ್ಲಿ ಒಂದೇ ಹುಣ್ಣಿಮೆ ಇದೆಯಲ್ಲ’ ಎಂದು ಗೊಂದಲಪಟ್ಟವರಿಗೆ ಉತ್ತರ ಇದು: ಅದು ಋತುವಿನ ಲೆಕ್ಕದ್ದು. ಜೂನ್ 20ರ ಸುಮಾರಿಗೆ ಶುರುವಾಗುವ ಆ ಮೂರು ತಿಂಗಳ ಋತುವಿನಲ್ಲಿ ಬಂದ ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ಹೀಗೆ ನಾಲ್ಕು ಹುಣ್ಣಿಮೆಗಳಲ್ಲಿ ಮೂರನೆಯದು.

ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ? ನಮ್ಮ ಅಧಿಕಮಾಸಕ್ಕೂ ಇದಕ್ಕೂ ನಂಟಿದೆಯೇ?

ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. 19 ವರ್ಷದಲ್ಲಿ 235 ಹುಣ್ಣಿಮೆ ಬರುತ್ತವೆ, ತಿಂಗಳುಗಳು 228. ಮಿಕ್ಕ 7 ಹುಣ್ಣಿಮೆ ಯಾವುದಾದರೂ ತಿಂಗಳಲ್ಲಿ ಎರಡನೆಯದಾಗಿ ಸೇರಿಕೊಳ್ಳಲೇಬೇಕು. ಹಾಗಾಗಿ ಸರಾಸರಿ 2.7 ವರ್ಷಕ್ಕೊಂದು. 29 ದಿನಕ್ಕಿಂತ ಹೆಚ್ಚಿಲ್ಲದ ಫೆಬ್ರವರಿಯಲ್ಲಿ ಎರಡು ಹುಣ್ಣಿಮೆ ಬರಲು ಸಾಧ್ಯವೇ ಇಲ್ಲ. ಕೆಲವು ವರ್ಷ ಒಂದೂ ಬರುವುದಿಲ್ಲ. 1999, 2018ರಲ್ಲಿ ಹಾಗಾಗಿ, ಜನವರಿ ಮತ್ತು ಮಾರ್ಚ್ ಎರಡರಲ್ಲೂ ಬ್ಲೂ ಮೂನ್ ಬಂತು.

ಚಾಂದ್ರಮಾನದವರು ಅಧಿಕಮಾಸ ಸೇರಿಸುವುದೂ ಇದೇ 7 ಹುಣ್ಣಿಮೆಯ ಹೆಚ್ಚಳವನ್ನು ಸರಿದೂಗಿಸಲು. 19 ವರ್ಷಕ್ಕೆ 7 ಅಧಿಕಮಾಸ. ಅಂಕಗಣಿತ ಒಂದೇ, ನಿಯಮ ಬೇರೆ: ಸಂಕ್ರಮಣವಿಲ್ಲದ ಚಾಂದ್ರಮಾಸ ಅಧಿಕ. ಆದ್ದರಿಂದ ಎರಡೂ ಒಟ್ಟಿಗೇ ಬೀಳಬೇಕೆಂದಿಲ್ಲ. 2023ರಲ್ಲಿ ಅಧಿಕ ಶ್ರಾವಣದ ಹುಣ್ಣಿಮೆ ಆಗಸ್ಟಿನ ಮೊದಲಿಗೆ ಬಂತು, ಬ್ಲೂ ಮೂನ್ ಎನಿಸಿಕೊಂಡದ್ದು ತಿಂಗಳ ಕೊನೆಯ ನಿಜ ಶ್ರಾವಣದ ಹುಣ್ಣಿಮೆ. 2026ರಲ್ಲಿ ಮಾತ್ರ ಎರಡೂ ಕೂಡಿವೆ. ಮೇ 1 ಮತ್ತು ಮೇ 31, ಎರಡೂ ಹುಣ್ಣಿಮೆ. ಮೇ 31ರದು ಮೇ 17ರಿಂದ ಜೂನ್ 15ರವರೆಗಿನ ಅಧಿಕ ಜ್ಯೇಷ್ಠದೊಳಗೇ ಬೀಳುತ್ತದೆ. ಋತುವಿನ ಲೆಕ್ಕದ್ದು 2027ರ ಮೇ 20ರಂದು, ತಿಂಗಳ ಲೆಕ್ಕದ ಮುಂದಿನದು 2028ರ ಡಿಸೆಂಬರ್ 31ರಂದು.

ಹಾಗೆಂದು ನುಡಿಗಟ್ಟನ್ನು ‘ಅಧಿಕಮಾಸಕ್ಕೊಮ್ಮೆ’ ಎಂದು ಅನುವಾದಿಸಲು ಹೋಗಬೇಡಿ. ನಮ್ಮ ಗಾದೆಯಲ್ಲಿ ಅಧಿಕಮಾಸ ಬರುವುದು ‘ದುರ್ಭಿಕ್ಷದಲ್ಲಿ ಅಧಿಕಮಾಸ’ ಎಂದು. ಅಲ್ಲಿ ಅದು ಕಷ್ಟದ ಮೇಲೆ ಕಷ್ಟ, ಅಪರೂಪವಲ್ಲ.

ಅಂದರೆ ನುಡಿಗಟ್ಟಿನ ಅರ್ಥ 2.7 ವರ್ಷಕ್ಕೊಮ್ಮೆ ಎಂದಾಯಿತಲ್ಲ?

ಆಗಲಿಲ್ಲ. ನುಡಿಗಟ್ಟು ಈ ಲೆಕ್ಕಕ್ಕಿಂತ ಬಹಳ ಹಳೆಯದು. 1528ರ ಒಂದು ಇಂಗ್ಲಿಷ್ ಪದ್ಯಪುಸ್ತಿಕೆ ಪಾದ್ರಿಗಳನ್ನು ಟೀಕಿಸುತ್ತ, ಅವರು ಚಂದ್ರ ನೀಲಿ ಎಂದರೂ ನಾವು ನಿಜವೆಂದು ನಂಬಬೇಕಂತೆ ಎನ್ನುತ್ತದೆ. ಆಗ ನೀಲಿ ಚಂದ್ರ ಎಂದರೆ ಅಪ್ಪಟ ಸುಳ್ಳು, ಆಗದ ಮಾತು. ಅಲ್ಲಿಂದ ‘ಎಂದಿಗೂ ಇಲ್ಲ’ ಎಂಬ ಅರ್ಥಕ್ಕೆ ಬಂದು, ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ‘ಬಹಳ ಕಾಲಕ್ಕೊಮ್ಮೆ’ ಎಂಬಲ್ಲಿ ನಿಂತಿತು. ಕ್ರಾಕಟೋವಾ ಸಿಡಿಯುವುದಕ್ಕಿಂತ ಮೊದಲೇ ಇಂದಿನ ಅರ್ಥ ಬಳಕೆಯಲ್ಲಿತ್ತು. ಹುಣ್ಣಿಮೆ ಲೆಕ್ಕ ಆಮೇಲೆ ಬಂದು ಹೆಸರನ್ನು ಹಂಚಿಕೊಂಡಿತು, ಅಷ್ಟೇ.

ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ?

ಬ್ಯಾಂಕಿಂಗ್, ಎಸ್‌ಎಸ್‌ಸಿ ಥರದ ಪರೀಕ್ಷೆಗಳ ಇಂಗ್ಲಿಷ್ ವಿಭಾಗದಲ್ಲಿ ನುಡಿಗಟ್ಟಿನ ಅರ್ಥ ಕೇಳುವುದುಂಟು. ‘ವೆರಿ ರೇರ್ಲಿ’ ಎಂಬರ್ಥದ ಆಯ್ಕೆಯೇ ಉತ್ತರ. ದಾರಿ ತಪ್ಪಿಸಲು ‘ನೆವರ್’, ‘ಎವ್ರಿ ಮಂತ್’, ‘ಆನ್ ಎ ಫುಲ್ ಮೂನ್ ನೈಟ್’, ‘ಸಡನ್ಲಿ’ ಇಟ್ಟಿರಬಹುದು. ‘ಸಡನ್ಲಿ’ ಎಂಬುದು ‘ಔಟ್ ಆಫ್ ದ ಬ್ಲೂ’ ನೆನಪಾಗುವವರಿಗೆ ಇಟ್ಟ ಬಲೆ. ತಪ್ಪು ಹುಡುಕುವ ಪ್ರಶ್ನೆಯಾಗಿದ್ದರೆ ಮೊದಲು ‘ಎ’ ಇದೆಯೇ ನೋಡಿ, ಆಮೇಲೆ ಕ್ರಿಯಾಪದ ‘ಇಂಗ್’ ರೂಪದಲ್ಲಿದೆಯೇ ನೋಡಿ, ಕೊನೆಗೆ ‘ನಾಟ್’ ನುಸುಳಿದೆಯೇ ನೋಡಿ.

ಮಕ್ಕಳಿಗೆ ಹೇಗೆ ಹೇಳಿಕೊಡುವುದು?

ಅರ್ಥ ಬರೆಸಿ ಬಾಯಿಪಾಠ ಮಾಡಿಸಬೇಡಿ. ‘ಡು ಯು ಎವರ್’ ಎಂದು ಶುರುವಾಗುವ ಪ್ರಶ್ನೆ ಕೇಳಿ, ಮೂರೇ ಉತ್ತರಕ್ಕೆ ಅವಕಾಶ ಕೊಡಿ: ‘ವನ್ಸ್ ಇನ್ ಎ ವೈಲ್’, ‘ವನ್ಸ್ ಇನ್ ಎ ಬ್ಲೂ ಮೂನ್’, ‘ನೆವರ್’. ಹಾಗಲಕಾಯಿ ತಿಂತೀಯಾ, ಬೆಳಿಗ್ಗೆ ಐದಕ್ಕೆ ಏಳ್ತೀಯಾ, ಅಜ್ಜಿಗೆ ಪತ್ರ ಬರೀತೀಯಾ, ಹೀಗೆ ಎಂಟು ಹತ್ತು ಪ್ರಶ್ನೆ ಸಾಕು. ಮೂರರ ನಡುವಿನ ಅಂತರ ಮಗುವಿಗೆ ತಾನಾಗಿ ತಿಳಿಯುತ್ತದೆ. ಮರುದಿನ ಅದೇ ಉತ್ತರಗಳನ್ನು ‘ಐ’ಯಿಂದ ಶುರುವಾಗುವ ಪೂರ್ಣ ವಾಕ್ಯವಾಗಿ ಬರೆಸಿ, ‘ಎ’ ಬಿಟ್ಟುಹೋಗುತ್ತದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ.